ಜರ್ಮೇನಿಯಂ–ಸೆಲೆನಿಯಂ ಗಾಜೋ, ಆರ್ಸೆನಿಕ್–ಸೆಲೆನಿಯಂ ಗಾಜೋ?

ಕಲಬುರಗಿಯಲ್ಲಿ ಕೂತು ಎಂಎಸ್ಸಿ ಪ್ರಾಜೆಕ್ಟಿಗೆ ಚಾಲ್ಕೊಜಿನೈಡ್ ಗಾಜು, ಅಂದರೆ ಗಂಧಕ, ಸೆಲೆನಿಯಂ ಇಲ್ಲವೇ ಟೆಲುರಿಯಂ ಇರುವ ಗಾಜು, ಆರಿಸುತ್ತಿದ್ದೀರಾ? ಬರೀ ಸೆಲೆನಿಯಂ ಮಾತ್ರ ಬೇಡ. ಅದರ ಟಿಜಿ, ಅಂದರೆ ಗಾಜು ಮೆತ್ತಗಾಗಲು ಶುರುವಾಗುವ ತಾಪ, ಸುಮಾರು 40–45 ಡಿಗ್ರಿ. ನಮ್ಮ ಮೇ ತಿಂಗಳ ಮಧ್ಯಾಹ್ನವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ!

ಸೆಲೆನಿಯಂಗೆ ಎರಡೇ ಬಂಧ. ಉದ್ದ ಸರಪಳಿಯಾಗುತ್ತದೆ, ಅಷ್ಟೇ. ಆರ್ಸೆನಿಕ್‌ಗೆ ಮೂರು, ಜರ್ಮೇನಿಯಂಗೆ ನಾಲ್ಕು. ಇವು ಸರಪಳಿಗಳನ್ನು ಅಡ್ಡಡ್ಡ ಬಿಗಿಯುತ್ತವೆ, ಟಿಜಿ ಏರುತ್ತದೆ. ಶೇ. 20 ಜರ್ಮೇನಿಯಂ ಇದ್ದರೆ ಸರಾಸರಿ ಬಂಧ 4×0.2 + 2×0.8, ಅಂದರೆ 2.4. ಶೇ. 40 ಆರ್ಸೆನಿಕ್ ಇದ್ದರೂ ಅದೇ 2.4! ಟಿಜಿಯೂ ಹತ್ತಿರ ಹತ್ತಿರ: ಮೊದಲನೆಯದು 165, ಎರಡನೆಯದು 180 ಡಿಗ್ರಿ ಆಸುಪಾಸು.

ಅಲ್ಲಿಂದಾಚೆ ದಾರಿ ಬೇರೆ. ಜರ್ಮೇನಿಯಂ ಮೂರನೇ ಒಂದು ಭಾಗವಾದರೆ ಟಿಜಿ 400 ಡಿಗ್ರಿ ಹತ್ತಿರ ಹೋಗುತ್ತದೆ. ಆರ್ಸೆನಿಕ್ 40 ದಾಟಿದರೆ ಇಳಿಯುತ್ತದೆ, ಯಾಕಂದರೆ ಜಾಲದ ಬದಲು ಪುಟ್ಟ ಪುಟ್ಟ ಬಿಡಿ ಅಣುಗಳು ಹುಟ್ಟುತ್ತವೆ.

ಆರ್ಸೆನಿಕ್ ಗಾಜು ಸುಲಭಕ್ಕೆ ಹರಳುಗಟ್ಟುವುದಿಲ್ಲ. ಡಿಎಸ್‌ಸಿ (ಬಿಸಿ ಮಾಡುತ್ತಾ ಹೋದಂತೆ ಗಾಜು ಹೀರುವ, ಬಿಡುವ ಶಾಖ ಅಳೆಯುವ ಯಂತ್ರ) ಗ್ರಾಫಿನಲ್ಲಿ ಹರಳಿನ ಶಿಖರ ನೋಡಲೇಬೇಕಾದರೆ ಟೆಲುರಿಯಂ ಬೆರೆಸಿ. ಆದರೆ ಆರ್ಸೆನಿಕ್ ವಿಷ. ಫ್ಯೂಮ್ ಹುಡ್ (ವಿಷದ ಹೊಗೆ ಹೊರಗೆಳೆಯುವ ಗೂಡು) ಸರಿಯಿಲ್ಲದ ಲ್ಯಾಬಲ್ಲಿ ಸುಮ್ನೆ ಯಾಕೆ ತಲೆನೋವು? ಸೆಲೆನಿಯಂ ಹೊಗೆಯೂ ಸಾಧುವಲ್ಲ, ಗಾಜು ಕರಗಿಸುವ ಕ್ವಾರ್ಟ್ಜ್ ಕೊಳವೆಯನ್ನು ನಿರ್ವಾತದಲ್ಲೇ ಮುಚ್ಚಬೇಕು.

ನನ್ನ ಓಟು ಜರ್ಮೇನಿಯಂಗೆ. ರೇಟು ಜಾಸ್ತಿ, ಆದರೆ ಪಾಲು ಬದಲಿಸಿದಂತೆಲ್ಲ ಗ್ರಾಫು ಚೆನ್ನಾಗಿ ಸರಿಯುತ್ತದೆ.