ಯುಡಿಐಡಿ ಅರ್ಜಿಯಲ್ಲಿ ಏಜೆಂಟನ ಮೊಬೈಲ್ ನಂಬರ್ ಇದೆಯೇ? ಇವತ್ತೇ ನೋಡಿಕೊಳ್ಳಿ

ಬಾಗಲಕೋಟೆ ಜಿಲ್ಲೆಯ ವಿಕಲಚೇತನರು, ಅವರ ಮನೆಯವರು ಇದನ್ನು ಪೂರ್ತಿ ಓದಿ. ಯುಡಿಐಡಿ ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. ಹುನಗುಂದ ತಾಲ್ಲೂಕಿನ ಒಂದು ಮನೆಗೆ ಆದದ್ದು ಇನ್ನೊಂದು ಮನೆಗೆ ಆಗಬಾರದು.

ಮಗನಿಗೆ ಕಾಲಿನ ದೋಷ, ಜೊತೆಗೆ ಕಿವಿಯೂ ಮಂದ. ನವನಗರದಲ್ಲಿ ಗಂಟುಬಿದ್ದ ಏಜೆಂಟ್ "ನೀವೇನ್ ಚಿಂತಿ ಮಾಡಬ್ಯಾಡ್ರಿ, ಎಪ್ಪತ್ತೈದು ಪರ್ಸೆಂಟ್ ಹಾಕಿಸ್ತೀನಿ" ಅಂತ 4,500 ರೂಪಾಯಿ ಇಸಿದುಕೊಂಡ. ಅಂಗವೈಕಲ್ಯದ ಪ್ರಮಾಣ 75 ಪರ್ಸೆಂಟ್ ದಾಟಿದರೆ ಮಾಸಾಶನ ಹೆಚ್ಚು, ಆ ಆಸೆಯನ್ನೇ ಅವರು ಹಿಡಿಯುವುದು. ಕೈಗೆ ಬಂದದ್ದು ಲ್ಯಾಮಿನೇಟ್ ಮಾಡಿದ ಕಾರ್ಡು. ಅದರ ನಂಬರ್ ಯುಡಿಐಡಿಯ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಇರಲೇ ಇಲ್ಲ. ಅಸಲಿ ಅರ್ಜಿ ಅರ್ಧಕ್ಕೇ ನಿಂತಿತ್ತು. ಅದರಲ್ಲಿದ್ದ ಮೊಬೈಲ್ ನಂಬರ್ ಏಜೆಂಟನದು, ಹಾಗಾಗಿ ಓಟಿಪಿ, ಸಂದೇಶ ಎಲ್ಲ ಅವನ ಫೋನಿಗೆ. ತಪಾಸಣೆಗೆ ಕರೆದದ್ದೇ ಮನೆಯವರಿಗೆ ತಿಳಿಯಲಿಲ್ಲ. ಎಂಟು ತಿಂಗಳು ಹೋಯಿತು.

ಎರಡು ದೋಷವಿದ್ದರೆ ಪರ್ಸೆಂಟ್ ಕೂಡಿಸುತ್ತಾರೆ ಅನ್ನುವುದೂ ಸುಳ್ಳು. ದೊಡ್ಡ ಅಂಕ 'ಅ', ಚಿಕ್ಕದು 'ಬ' ಆದರೆ ಲೆಕ್ಕ ಹೀಗೆ: ಅ + ಬ × (90 − ಅ) ÷ 90. ಕಾಲಿಗೆ 40, ಕಿವಿಗೆ 30 ಇದ್ದರೆ ಒಟ್ಟು ಸುಮಾರು 57, 70 ಅಲ್ಲ. ಇಲ್ಲದ ಪರ್ಸೆಂಟ್ ತೋರಿಸಿ ಸೌಲಭ್ಯ ಪಡೆದರೆ, ಪಡೆಯಲು ಯತ್ನಿಸಿದರೂ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 91ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾರ್ಡಿನ ಮೇಲೆ ಹೆಸರು ಇರುವುದು ನಿಮ್ಮದು, ಏಜೆಂಟನದಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. 40ಕ್ಕಿಂತ ಕಡಿಮೆ ಬಂದರೆ ಹಕ್ಕೇ ಇಲ್ಲ ಅಂತ ಹೆದರಿಸಿ ದುಡ್ಡು ಕೀಳುತ್ತಾರೆ. ಸರ್ಕಾರಿ ನೌಕರಿಯ 4% ಮೀಸಲಾತಿ, ಉನ್ನತ ಶಿಕ್ಷಣದ 5% ಸೀಟು ಇಂಥವಕ್ಕೆ 40 ಬೇಕು, ನಿಜ. ಆದರೆ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಕೂಡದು ಅನ್ನುವ 3ನೇ ಕಲಮಿಗೆ 40ರ ಷರತ್ತಿಲ್ಲ. 35 ಬಂದವರಿಗೂ ಶಾಲೆಯಲ್ಲಿ, ಕಚೇರಿಯಲ್ಲಿ ಆ ರಕ್ಷಣೆ ಇದೆ. ಅಂಕ ಕಡಿಮೆ ಅನ್ನಿಸಿದರೆ 59ನೇ ಕಲಂ ಅಡಿ ಮೇಲ್ಮನವಿ ಹಾಕಿ. ದಾರಿ ಇರುವುದು ಅದೊಂದೇ.

ಅರ್ಜಿಗೆ ಶುಲ್ಕವಿಲ್ಲ. ಆಧಾರ್, ಫೋಟೊ, ಸಹಿ ಅಥವಾ ಹೆಬ್ಬೆಟ್ಟು, ಹಳೆಯ ವೈದ್ಯಕೀಯ ದಾಖಲೆ, ನಿಮ್ಮದೇ ಮನೆಯ ಮೊಬೈಲ್ ಇದ್ದರೆ ಸಾಕು. ಕಂಪ್ಯೂಟರ್ ಬಾರದವರು ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಹತ್ತಿರ ಹೋಗಿ. ನೆರವಾಗುವುದು ಅವರ ಕೆಲಸವೇ. ತುಂಬಿದ ಮೇಲೆ ಎನ್‌ರೋಲ್‌ಮೆಂಟ್ ನಂಬರ್ ಬರೆದುಕೊಳ್ಳದೆ ಎದ್ದು ಬರಬೇಡಿ.

ಈಗಾಗಲೇ ಮೋಸ ಹೋಗಿದ್ದರೆ ಆ ಕಾರ್ಡನ್ನು ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲಿಯೂ ತೋರಿಸಬೇಡಿ. ಫೋನಿನಿಂದ ಹಣ ಕಳಿಸಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ, ರಸೀದಿಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಠಾಣೆಗೆ ದೂರು ಕೊಡಿ. ಆ ದೂರಿನ ಪ್ರತಿ ಹಚ್ಚಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ, ಅರ್ಜಿಯಲ್ಲಿನ ಮೊಬೈಲ್ ನಂಬರ್ ಬದಲಿಸಿಕೊಡಿ ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.