ನರಿ ಓಡಿಸೋಕೆ ಐದು ತರ ಲೈಟ್ ಹಾಕ್ನೋಡ್ದೆ, ಯಾವುದು ಕೆಲಸಕ್ಕೆ ಬಂತು ಯಾವುದು ದಂಡ

ಶಿರಾ ಕಡೆ ನಮ್ದು ನಾಲ್ಕೆಕರೆ, ತೋಟದಲ್ಲೇ ಮನೆ. 35 ನಾಟಿ ಕೋಳಿ, 11 ಮೇಕೆ. ಹಿಂದುಗಡೆ ಕೆರೆ ಅಂಗಳ ಪೂರ್ತಿ ಬಳ್ಳಾರಿ ಜಾಲಿ ಬೆಳ್ಕೊಂಡಿದೆ, ನರಿಗಳಿಗೆ ಅದೇ ಅರಮನೆ. ಕಡ್ಲೆಕಾಯಿ ಬಲಿಯೋ ಟೈಮಲ್ಲಿ ಹೊಲಕ್ಕೆ ಬಂದು ಕಡ್ಲೆಕಾಯಿ ತಿಂತವೆ, ಎಲಚಿ ಹಣ್ಣು ಬಿಟ್ಟಾಗ ಅದನ್ನ ತಿಂತವೆ, ಎರಡೂ ಇಲ್ದಾಗ ನಮ್ಮ ಕೋಳಿ. ಹೋದ ವರ್ಷ ಒಂದೇ ತಿಂಗಳಲ್ಲಿ 9 ಕೋಳಿ ಹೋದ್ವು, ಜೊತೆಗೆ ಹುಟ್ಟಿ ನಾಲ್ಕು ದಿನ ಆಗಿದ್ದ ಒಂದು ಮೇಕೆ ಮರಿ. ಎದ್ದ ತಕ್ಷಣ ನರಿ ಮುಖ ನೋಡಿದ್ರೆ ಅದೃಷ್ಟ ಅಂತಾರಲ್ಲ, ನಮ್ಮಮ್ಮ ವಾರಕ್ಕೆ ಮೂರು ಸಲ ನೋಡ್ತಿದ್ರು, ಅದೃಷ್ಟ ಮಾತ್ರ ಪೂರ್ತಿ ನರಿಗೇ ಹೋಯ್ತು.

ಉರುಳು ಹಾಕು, ವಿಷ ಇಡು, ಬೇಲಿಗೆ ಡೈರೆಕ್ಟ್ ಕರೆಂಟ್ ಕೊಡು ಅಂತ ಹೇಳೋರಿಗೇನು ಕಡಿಮೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನರಿ ಕೊಲ್ಲೋದು ಕೇಸು, ಕರೆಂಟ್ ಬೇಲಿಗೆ ನರಿಗಿಂತ ಮೊದಲು ಮನುಷ್ಯರೇ ಸಾಯ್ತಾರೆ, ಹಂಗಾಗಿ ಆ ಮಾತು ಬಿಟ್ಟೆ.

ಇನ್ನೊಂದು ವಿಷಯ, ನಾವು ನರಿ ಅಂತ ಒಂದೇ ಹೆಸರಲ್ಲಿ ಕರೆಯೋದು ಎರಡು ಬೇರೆ ಪ್ರಾಣಿನ. ಒಂದು ಊಳಿಡೋ ದೊಡ್ಡ ಗುಳ್ಳೆನರಿ, ಕೋಳಿ ಕದಿಯೋದು ಮರಿ ಎತ್ತೋದು ಹೆಚ್ಚಾಗಿ ಇದೇ. ಇನ್ನೊಂದು ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಪೊದೆ ಬಾಲ, ಬಾಲದ ತುದಿ ಕಪ್ಪು, ಅದು ಜಾಸ್ತಿ ಇಲಿ, ಗೆದ್ದಲು, ಮಿಡತೆ ತಿನ್ಕೊಂಡು ಬದುಕೋದು, ಪಾಪ ಹೆಸರು ಮಾತ್ರ ಇಬ್ಬರಿಗೂ ಕೆಟ್ಟಿದೆ.

ಟೆಸ್ಟ್ ಮಾಡಿದ್ದು ಹೆಂಗೆ ಅಂದ್ರೆ, ದಿನಾ ಸಂಜೆ ಕೋಳಿ ಗೂಡು ಮತ್ತೆ ಮೇಕೆ ರೊಪ್ಪದ ಸುತ್ತ ಒಲೆ ಬೂದಿನ ಜರಡಿ ಹಿಡಿದು ತೆಳ್ಳಗೆ ಚೆಲ್ತಿದ್ದೆ, ಬೆಳಗ್ಗೆ ಎದ್ದು ಹೆಜ್ಜೆ ನೋಡೋದು. ನಾಯಿ ಹೆಜ್ಜೆ ನರಿ ಹೆಜ್ಜೆ ಒಂದೇ ತರ ಕಾಣುತ್ತೆ, ಆದ್ರೆ ಗುಳ್ಳೆನರಿ ಮುಂಗಾಲಲ್ಲಿ ನಡುವಿನ ಎರಡು ಬೆರಳಿನ ಮೆತ್ತೆ ಬುಡದಲ್ಲಿ ಅಂಟ್ಕೊಂಡಿರುತ್ತೆ, ಒಂದ್ಸಲ ಗುರುತು ಸಿಕ್ರೆ ಆಮೇಲೆ ಸುಲಭ.

ಮೊದಲು ಹಾಕಿದ್ದು ಎಲ್ರೂ ಹಾಕೋದೇ, ರಾತ್ರಿಯೆಲ್ಲಾ ಉರಿಯೋ ಎಲ್‌ಇಡಿ ಫೋಕಸ್ ಲೈಟ್. ಎರಡು ರಾತ್ರಿ ಬೂದಿ ಕ್ಲೀನಾಗಿತ್ತು, ಖುಷಿಯಾದೆ. ವಾರ ಕಳೆಯೋದ್ರೊಳಗೆ ಹೆಜ್ಜೆ ಲೈಟ್ ಕೆಳಗೇ ಹೋಗಿದೆ. ಮಳೆ ಬಿದ್ದ ಒಂದು ರಾತ್ರಿ ಕಿಟಕಿಲಿ ನೋಡಿದ್ರೆ ಲೈಟಿಗೆ ರೆಕ್ಕೆ ಗೆದ್ದಲು ಮುತ್ಕೊಂಡಿದೆ, ಕೆಳಗೆ ಕಪ್ಪೆಗಳ ಜಾತ್ರೆ, ಮಧ್ಯದಲ್ಲಿ ಆ ಸಣ್ಣ ನರಿ ಕೂತ್ಕೊಂಡು ಬಿದ್ದ ಹುಳಾನ ಒಂದೊಂದೇ ಹೆಕ್ಕಿ ತಿಂತಿದೆ, ಮದುವೆ ಊಟಕ್ಕೆ ಕೂತಂಗೆ. ಕಪ್ಪೆ ಹಿಂದೆ ಹಾವೂ ಬಂತು. ಕೋಳಿಗಳಿಗೂ ನಿದ್ದೆ ಇಲ್ಲ. ಕಿತ್ತು ಕಣಕ್ಕೆ ಹಾಕ್ದೆ.

ಆಮೇಲೆ ಆನ್‌ಲೈನಲ್ಲಿ ಸಿಗುತ್ತಲ್ಲ, ಜೋಡಿ ಕಣ್ಣಿನ ತರ ಕೆಂಪಗೆ ಮಿಣುಕೋ ಪುಟ್ಟ ಸೋಲಾರ್ ಡಬ್ಬಿ, ನಾಲ್ಕರ ಸೆಟ್. ಐದನೇ ದಿನ ನೋಡ್ತೀನಿ, ಡಬ್ಬಿ ಕಟ್ಟಿದ್ದ ಕಂಬದ ಬುಡದಲ್ಲೇ ಹಿಕ್ಕೆ ಹಾಕಿ ಹೋಗಿದೆ, ಅದರ ತುಂಬಾ ಎಲಚಿ ಬೀಜ. ಇದಕ್ಕಿಂತ ಕ್ಲಿಯರ್ ರಿವ್ಯೂ ಇನ್ನೇನು ಬೇಕು. ಆಮೇಲೆ ಗೊತ್ತಾಯ್ತು, ನಾಯಿ ಜಾತಿ ಪ್ರಾಣಿಗಳ ಕಣ್ಣಿಗೆ ಕೆಂಪು ಬಣ್ಣ ನಮಗೆ ಕಂಡಂಗೆ ಕಾಣಲ್ಲ, ಮಂಕಾಗಿ ಕಾಣುತ್ತೆ, ನೀಲಿ ಬಿಳಿ ಚೆನ್ನಾಗಿ ಕಾಣುತ್ತೆ. ನಾವು ಕೆಂಪು ಅಂದ್ರೆ ಅಪಾಯ ಅನ್ಕೊಂಡು ತಗೊಳ್ತೀವಿ, ನರಿಗೆ ಆ ಪಾಠ ಯಾರೂ ಹೇಳಿಲ್ವಲ್ಲ.

ಮೂರನೇದು ನಾನೇ ಮಾಡಿದ್ದು. ಕೆನ್ಯಾದಲ್ಲಿ ನೈರೋಬಿ ನ್ಯಾಷನಲ್ ಪಾರ್ಕ್ ಪಕ್ಕದ ಮಸಾಯಿ ಹುಡುಗ ರಿಚರ್ಡ್ ಟುರೆರೆ ಹಳೆ ಕಾರ್ ಬ್ಯಾಟರಿ, ಮೋಟರ್‌ಬೈಕ್ ಇಂಡಿಕೇಟರ್ ಬಾಕ್ಸ್, ಒಡೆದ ಟಾರ್ಚಿನ ಬಲ್ಬು ಸೇರಿಸಿ ದನದ ಕೊಟ್ಟಿಗೆಗೆ ಸಿಂಹ ಬರದಂಗೆ ಮಾಡ್ದ, 2013ರಲ್ಲಿ ಅವನು ಸ್ಟೇಜ್ ಮೇಲೆ ಅದನ್ನ ಹೇಳಿದ ವಿಡಿಯೋ ನೋಡಿರ್ತೀರ. ಅವನು ಕಂಡ್ಕೊಂಡಿದ್ದು ಇಷ್ಟೇ, ಒಂದೇ ಕಡೆ ಉರಿಯೋ ಬೆಳಕಿಗೆ ಸಿಂಹ ಹೆದರಲ್ಲ, ಟಾರ್ಚ್ ಹಿಡಿದು ಯಾರೋ ಓಡಾಡ್ತಾ ಇದಾರೆ ಅನ್ನಿಸಿದ್ರೆ ಹೆದರುತ್ತೆ. ಸರಿ, ನಾನೂ ಗುಜರಿಯಿಂದ ಫ್ಲಾಷರ್, ಟ್ರಾಕ್ಟರ್‌ದು ಹಳೆ ಬ್ಯಾಟರಿ, ಬಿಳಿ ಎಲ್‌ಇಡಿ ತಂದು ನಾಲ್ಕು ಮೂಲೆಗೆ ಕಟ್ಟಿದೆ. ಖರ್ಚು 700 ರೂಪಾಯಿ ಒಳಗೇ. ಮೂರು ವಾರ ಒಂದು ಹೆಜ್ಜೆ ಇಲ್ಲ! ನಾಲ್ಕನೇ ವಾರ ಬಂತು. ತಪ್ಪು ನಂದೇ, ಅವನದ್ದು ಒಂದಾದ್ಮೇಲೊಂದು ಉರಿದು ಬೆಳಕು ಓಡಾಡಿದಂಗೆ ಕಾಣುತ್ತೆ, ನಂದು ನಾಲ್ಕೂ ಒಟ್ಟಿಗೆ ಟಿಕ್ ಟಿಕ್ ಟಿಕ್ ಅಂತ ಒಂದೇ ತಾಳ. ತಾಳ ಗೊತ್ತಾದ್ಮೇಲೆ ಹೆದರಿಕೆ ಎಲ್ಲಿಂದ.

ಹಂಗಾಗಿ ದುಡ್ಡು ಖರ್ಚಾದ್ರೂ ಪರವಾಗಿಲ್ಲ ಅಂತ ರೆಡಿಮೇಡ್ ತಗೊಂಡೆ, ಬಿಳಿ ನೀಲಿ ಕೆಂಪು ಮೂರೂ ಬಣ್ಣ, ಯಾವಾಗ ಯಾವ ಕಡೆ ಮಿಂಚುತ್ತೆ ಅಂತ ಲೆಕ್ಕ ಸಿಗಲ್ಲ. ಈ ನಮೂನೆ ಶುರುವಾಗಿದ್ದು ಆಸ್ಟ್ರೇಲಿಯಾದಲ್ಲಿ, ಕುರಿಮರಿಗಳನ್ನ ನರಿಯಿಂದ ಉಳಿಸೋಕೆ ರೈತರೊಬ್ಬರು ಮಾಡಿದ್ದು. ಆದ್ರೆ ಚಿಲಿ ದೇಶದಲ್ಲಿ ಇದನ್ನೇ ಲಾಮಾ ಅಲ್ಪಾಕಾ ಮಂದೆ ಹತ್ರ ಇಟ್ಟು ಪರೀಕ್ಷೆ ಮಾಡಿದಾಗ ಪ್ಯೂಮಾ ಅನ್ನೋ ದೊಡ್ಡ ಕಾಡುಬೆಕ್ಕು ದೂರ ಉಳೀತು, ಅಲ್ಲಿನ ನರಿ ಕ್ಯಾರೇ ಅನ್ಲಿಲ್ಲ. ಅದನ್ನ ಓದಿದ್ದು ನಾನು ದುಡ್ಡು ಕೊಟ್ಟಮೇಲೆ. ನಮ್ಮಲ್ಲಿ ಮಾತ್ರ ಐದು ವಾರ ಬೂದಿ ಕ್ಲೀನು, ನಾಲ್ಕು ದಿನಕ್ಕೊಂದ್ಸಲ ಜಾಗ ಬದಲಾಯಿಸ್ತಿದ್ದೆ, ಅದಕ್ಕೂ ಇರಬಹುದು. ತೊಂದರೆ ಏನಂದ್ರೆ ಮನೆ ಮುಂದೆ ಆಂಬುಲೆನ್ಸ್ ನಿಂತಂಗೆ ಇರುತ್ತೆ, ನಮ್ಮನೆಯವಳು ಒಂದೇ ವಾರಕ್ಕೆ ಬೇಜಾರಾದ್ಲು, ಪಕ್ಕದ ತೋಟದ ತಾತ ಬಂದು "ಏನಪ್ಪಾ, ಆರ್ಕೆಸ್ಟ್ರಾ ಏನಾದ್ರೂ ಇಟ್ಕೊಂಡಿದೀಯಾ" ಅಂದ್ರು.

ಕೊನೇದು ಸೆನ್ಸರ್ ಇರೋ ಸೋಲಾರ್ ಲೈಟ್, ಎರಡು. ಡಬ್ಬದ ಮೇಲೆ ಬರೆದಂಗೆ ಎತ್ತರದಲ್ಲಿ ಹಾಕಿದಾಗ ದನ ಕೊರಳಾಡಿಸಿದ್ರೂ ಹತ್ಕೊಳ್ತಿತ್ತು, ನರಿ ಕೆಳಗೇ ನುಸುಳ್ತಿತ್ತು. ಆಮೇಲೆ ಮೊಣಕಾಲೆತ್ತರಕ್ಕೆ ಇಳಿಸಿ ಜಾಲಿ ಕಡೆಗೆ ಮುಖ ಮಾಡಿ ಕಟ್ಟಿದೆ, ಅಲ್ಲಿಂದ ಆಟವೇ ಬದಲಾಯ್ತು. ಕತ್ತಲಲ್ಲಿ ಬರೋವಾಗ ದಿಢೀರ್ ಅಂತ ಮುಖಕ್ಕೆ ಬೆಳಕು ಹೊಡೆದ್ರೆ ಒಂದು ಕ್ಷಣ ಹಂಗೇ ನಿಂತ್ಬಿಡುತ್ತೆ, ಎರಡು ಕಣ್ಣು ಹಸಿರುಹಳದಿ ಮಿಂಚುತ್ತೆ, ಅಷ್ಟ್ರಲ್ಲಿ ನಮ್ಮ ನಾಯಿ ಎದ್ದಿರುತ್ತೆ. ಬೆಳಕು ನರಿನ ಹೆದರಿಸಿದ್ದಕ್ಕಿಂತ ನಾಯಿನ ಎಬ್ಬಿಸಿದ್ದೇ ಜಾಸ್ತಿ ಉಪಯೋಗ ಅಂತ ನನ್ನ ಅನಿಸಿಕೆ. ಇದಕ್ಕೂ ಕೊರತೆ ಇದೆ, ಸೆನ್ಸರ್ ನೋಡೋದು ಮೈ ಶಾಖನ, ಬೇಸಿಗೇಲಿ ನೆಲವೇ ಕಾದಿರೋವಾಗ ಸಂಜೆ ಅಷ್ಟು ಚೆನ್ನಾಗಿ ಹಿಡಿಯಲ್ಲ, ಆಷಾಢದ ಮೋಡಕ್ಕೆ ಚಾರ್ಜೂ ಆಗಲ್ಲ.

ನಾನೀಗ ರೊಪ್ಪದ ಹತ್ರ ಬಣ್ಣದ್ದು ಇಟ್ಟಿದೀನಿ, ಮನೆಯಿಂದ ದೂರ ಇದೆ ಯಾರಿಗೂ ತೊಂದರೆ ಇಲ್ಲ, ಅದೂ ಮೇಕೆ ಈಯೋ ಟೈಮಲ್ಲಿ ಮಾತ್ರ, ವರ್ಷಪೂರ್ತಿ ಇಟ್ರೆ ಅದೂ ರೂಢಿಯಾಗುತ್ತೆ. ಕೋಳಿ ಗೂಡಿಗೆ ಸೆನ್ಸರ್. ಒಂದೇ ತಗೊಳ್ಳೋದಾದ್ರೆ, ಮನೇಲಿ ನಾಯಿ ಇದ್ರೆ, ಕಣ್ಮುಚ್ಚಿ ಸೆನ್ಸರ್ ತಗೊಳ್ಳಿ. ಗೂಡಿನ ತೆಳು ಕೋಳಿ ಜಾಲರಿ ತೆಗೆದು ವೆಲ್ಡ್ ಮೆಶ್ ಹಾಕಿ ಒಂದಡಿ ಮಣ್ಣೊಳಗೆ ಇಳಿಸಿದೆ, ಗುಳ್ಳೆನರಿ ಕೆರೆದು ನುಗ್ಗುತ್ತೆ, ಅದಕ್ಕೆ ಯಾವ ಲೈಟೂ ಉತ್ತರ ಅಲ್ಲ.

ಇಷ್ಟೆಲ್ಲಾ ಮಾಡಿದ್ಮೇಲೆ ಅಮ್ಮ ಒಂದು ದಿನ ರಾಗಿ ಹಸನು ಮಾಡ್ತಾ ಕೂತಿದ್ದೋರು ಬೆರಳು ಮಡಚಿ ಲೆಕ್ಕ ಹಾಕಿದ್ರು: ಹೋದ ಒಂಬತ್ತರಲ್ಲಿ ಐದು ಕೋಳಿ ರಾತ್ರಿ ಹೋಗೇ ಇಲ್ಲ ಕಣೋ, ಬೆಳಗಿನ ಜಾವ ನಾನು ಗೂಡು ತೆಗೆದಮೇಲೆ ತಿಪ್ಪೆ ಹತ್ರ ಮೇಯೋವಾಗ ಹೋಗಿದ್ದು. ಆ ಹೊತ್ತಲ್ಲಿ ಯಾವ ಲೈಟ್ ಏನು ಮಾಡುತ್ತೆ. ಈಗ ಏಳೂವರೆಗೆ ಗೂಡಿನ ಬಾಗಿಲು ತೆಗೆಯೋದು, ಹುಂಜ ನಾಲ್ಕೂವರೆಗೇ ಶುರುಮಾಡಿ ಮೂರು ಗಂಟೆ ಒಳಗಿಂದ ಬೈತಾ ಇರುತ್ತೆ.