ಮಕ್ಕಳ ಲ್ಯಾಕ್ರಾಸ್: ಕ್ಲಾಸ್ ನೋಡಿ ತಂಡವೋ, ಹುಟ್ಟಿದ ದಿನಾಂಕ ನೋಡಿಯೋ?

ಅಮೆರಿಕದಲ್ಲಿ ಮಕ್ಕಳನ್ನು ಲ್ಯಾಕ್ರಾಸ್‌ಗೆ (ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ) ಸೇರಿಸಿದವರಿಗೆ ಈ ತಲೆನೋವು ಗೊತ್ತಿರುತ್ತದೆ. ಸ್ಥಳೀಯ ಲೀಗ್‌ನಲ್ಲಿ ಹುಡುಗ 12ಯು ಅಥವಾ 14ಯು ತಂಡದವನು, ಅಂದರೆ ವಯಸ್ಸಿನ ಮೇಲೆ ವಿಂಗಡಣೆ. ಅವನೇ ಟ್ರಾವೆಲ್ ಕ್ಲಬ್‌ಗೆ (ಊರೂರಿನ ಟೂರ್ನಮೆಂಟ್‌ಗೆ ಹೋಗುವ ಖಾಸಗಿ ತಂಡ) ಹೋದರೆ ‘2031’ ತಂಡದವನು, ಅಂದರೆ ಹೈಸ್ಕೂಲ್ ಮುಗಿಸುವ ವರ್ಷದ ಮೇಲೆ ವಿಂಗಡಣೆ. ನನ್ನ ಮಗ ಎರಡರಲ್ಲೂ ಆಡಿದ್ದಾನೆ. ಲೀಗ್ ತಂಡಕ್ಕೆ ನಾನು ಸಹಾಯಕ ಕೋಚ್ ಕೂಡ ಆಗಿದ್ದೆ.

ಕ್ಲಾಸ್ ಪದ್ಧತಿಯ ಸುಖ ಮೊದಲು ಹೇಳಿಬಿಡುತ್ತೇನೆ. ಶಾಲೆಯ ಗೆಳೆಯರೆಲ್ಲ ಒಂದೇ ತಂಡದಲ್ಲಿರುತ್ತಾರೆ, ಕಾರ್‌ಪೂಲ್ ಸಲೀಸು, ಕಾಲೇಜು ಕೋಚ್‌ಗಳಿಗೂ ಬೇಕಾಗಿರುವುದು ಅದೇ ವರ್ಷ. ತೊಂದರೆ ಶುರುವಾಗುವುದು ಹೋಲ್ಡ್‌ಬ್ಯಾಕ್‌ಗಳಿಂದ. ಆಟದಲ್ಲಿ ಮುಂದಿರಲಿ ಎಂದೇ ಮಗನನ್ನು ಒಂದು ವರ್ಷ ಅದೇ ಕ್ಲಾಸಿನಲ್ಲಿ ಕೂರಿಸುವ ಪೋಷಕರಿದ್ದಾರೆ. ಆಗ ಒಂದೇ ‘2031’ ತಂಡದಲ್ಲಿ ಸುಮಾರು ಎರಡು ವರ್ಷದ ಅಂತರ ಬಂದುಬಿಡುತ್ತದೆ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಹೆಲ್ಮೆಟ್ ಇನ್ನೂ ತಲೆಯ ಮೇಲೆ ಅಲ್ಲಾಡುತ್ತಿರುತ್ತದೆ.

ಇದರ ಜೊತೆಗೆ ರಾಜ್ಯಗಳ ಶಾಲಾ ನಿಯಮವೂ ಬೇರೆ ಬೇರೆ. ಮೇರಿಲ್ಯಾಂಡ್‌ನಲ್ಲಿ ಕಿಂಡರ್‌ಗಾರ್ಟನ್ ಸೇರಲು ಸೆಪ್ಟೆಂಬರ್ 1ಕ್ಕೆ ಐದು ತುಂಬಿರಬೇಕು. ನ್ಯೂಯಾರ್ಕ್ ರಾಜ್ಯದ ಹೆಚ್ಚಿನ ಕಡೆ ಡಿಸೆಂಬರ್ 1ಕ್ಕೆ ತುಂಬಿದರೂ ಸಾಕು. ಎರಡೂ ಈ ಆಟದ ತವರು. ಅಕ್ಟೋಬರ್‌ನಲ್ಲಿ ಹುಟ್ಟಿದ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್ ಹುಡುಗ ಏಳನೇ ಕ್ಲಾಸಿನಲ್ಲಿದ್ದರೆ, ಅದೇ ದಿನ ಹುಟ್ಟಿದ ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಹುಡುಗ ಇನ್ನೂ ಆರರಲ್ಲಿ. ಟೂರ್ನಮೆಂಟ್‌ನಲ್ಲಿ ಎರಡೂ ಕಡೆಯ ಒಂದೇ ಕ್ಲಾಸಿನ ತಂಡಗಳು ಎದುರುಬದುರಾದಾಗ ಯಾರೂ ಮೋಸ ಮಾಡಿರುವುದಿಲ್ಲ, ಆದರೂ ಪಂದ್ಯ ಸಮನಾಗಿರುವುದಿಲ್ಲ.

ಈ ಆಟದ ರಾಷ್ಟ್ರೀಯ ಸಂಸ್ಥೆ ಯುಎಸ್‌ಎ ಲ್ಯಾಕ್ರಾಸ್‌ನ ವಯಸ್ಸಿನ ಪದ್ಧತಿ ಸರಳ: ಸೀಸನ್‌ಗೆ ಹಿಂದಿನ ಆಗಸ್ಟ್ 31ಕ್ಕೆ ಎಷ್ಟು ವಯಸ್ಸು ಅನ್ನುವುದೊಂದೇ ಪ್ರಶ್ನೆ. ಬರ್ತ್ ಸರ್ಟಿಫಿಕೇಟ್ ನೋಡಿದರೆ ವಾದ ಮುಗಿಯಿತು. ಆದರೆ ಇದನ್ನು ಹೊಗಳುವವರು ಒಂದು ವಿಷಯ ಮರೆಯುತ್ತಾರೆ. 12ಯು, 14ಯು ಎರಡೂ ಎರಡೆರಡು ವರ್ಷದ ಗುಂಪುಗಳು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ ದೊಡ್ಡವನಿಗೂ ಆಗಸ್ಟ್‌ನಲ್ಲಿ ಹುಟ್ಟಿದ ಚಿಕ್ಕವನಿಗೂ ಹತ್ತಿರ ಹತ್ತಿರ 24 ತಿಂಗಳ ವ್ಯತ್ಯಾಸ ನಿಯಮದೊಳಗೇ ಇದೆ! ಹೋಲ್ಡ್‌ಬ್ಯಾಕ್ ಇಲ್ಲದ ಪ್ರಾಮಾಣಿಕ ಕ್ಲಾಸ್ ತಂಡ ಇದಕ್ಕಿಂತ ಬಿಗಿ. ಹಾಗಾಗಿ ಮಕ್ಕಳ ಸಂಖ್ಯೆ ಸಾಕಷ್ಟಿದ್ದ ಸೀಸನ್‌ನಲ್ಲಿ ನಮ್ಮ ಲೀಗ್ ಒಂದೊಂದು ವರ್ಷಕ್ಕೇ ಬೇರೆ ತಂಡ ಮಾಡಿತು. ಅಲ್ಲಿ ನೋಡಿದಷ್ಟು ಸಮಬಲದ ಆಟ ನಾನು ಬೇರೆಲ್ಲೂ ನೋಡಲಿಲ್ಲ. ಬೆಂಚಿನ ಮೂಲೆಯ ಹುಡುಗರೂ ಗ್ರೌಂಡ್ ಬಾಲ್‌ಗೆ, ಅಂದರೆ ನೆಲಕ್ಕೆ ಬಿದ್ದ ಚೆಂಡಿಗೆ, ಬಗ್ಗುತ್ತಿದ್ದರು.

ಕೆನಡಾದ ಬಾಕ್ಸ್ ಲ್ಯಾಕ್ರಾಸ್‌ನಲ್ಲಿ (ಒಳಾಂಗಣದ ಆಟ) ಜನ್ಮವರ್ಷವೇ ಲೆಕ್ಕ. ಅದನ್ನು ದೂರದಿಂದ ಮಾತ್ರ ನೋಡಿದ್ದೇನೆ. ಪರಿಶೀಲನೆ ಸುಲಭ, ಡಿಸೆಂಬರ್ ಮಕ್ಕಳಿಗೆ ಮಾತ್ರ ಕಷ್ಟ.

ಹುಡುಗರ ಆಟದಲ್ಲಿ ನನ್ನ ಆಯ್ಕೆ ಬಾಡಿ ಚೆಕ್, ಅಂದರೆ ಎದುರಾಳಿಗೆ ಮೈಯಿಂದ ಡಿಕ್ಕಿ ಹೊಡೆಯುವುದರ, ಮೇಲೆ ನಿಂತಿದೆ. ಚಿಕ್ಕ ಗುಂಪುಗಳಲ್ಲಿ ಅದಕ್ಕೆ ಅವಕಾಶವಿಲ್ಲ, ಹಾಗಾಗಿ ಎಂಟು-ಒಂಬತ್ತು ವರ್ಷದ ಮಕ್ಕಳು ಗೆಳೆಯರ ಜೊತೆ ಕ್ಲಾಸ್ ತಂಡದಲ್ಲೇ ಆಡಲಿ. 14ಯುನಲ್ಲಿ ಮಿತಿಯೊಳಗೆ ಡಿಕ್ಕಿ ಶುರುವಾಗುತ್ತದೆ. ಅಲ್ಲಿ ಹತ್ತಿಪ್ಪತ್ತು ಕಿಲೋ ವ್ಯತ್ಯಾಸ ಅಂದರೆ ಹುಡುಗಾಟವಲ್ಲ, ಹುಟ್ಟಿದ ದಿನಾಂಕವೇ ಬೇಕು. ಹುಡುಗಿಯರ ಆಟದಲ್ಲಿ ಬಾಡಿ ಚೆಕ್ ನಿಷಿದ್ಧ, ಅಲ್ಲಿ ನಾನು ಇಷ್ಟು ಹಟ ಹಿಡಿಯುವುದಿಲ್ಲ.

ಕಾಲೇಜು ರಿಕ್ರೂಟಿಂಗ್ (ಕಾಲೇಜು ತಂಡಕ್ಕೆ ಆಟಗಾರರನ್ನು ಆರಿಸುವುದು) ಹೆಸರಲ್ಲಿ ಏಳನೇ ಕ್ಲಾಸಿಗೇ ಕ್ಲಬ್ ಹಿಡಿಯಬೇಕು ಅನ್ನುವವರ ಮಾತಿಗೆ ಈಗ ಹುರುಳಿಲ್ಲ. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ 2017ರಲ್ಲಿ ನಿಯಮ ಬದಲಿಸಿದ ಮೇಲೆ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ರವರೆಗೆ ಡಿವಿಷನ್ 1 (ಮೇಲ್ಮಟ್ಟದ ಕಾಲೇಜು ವಿಭಾಗ) ಕೋಚ್‌ಗಳು ಹುಡುಗನ ಜೊತೆ ರಿಕ್ರೂಟಿಂಗ್ ಮಾತು ಆಡುವಂತಿಲ್ಲ. ಕ್ಲಬ್ ಸೇರಿಸಲೇಬೇಕೆಂದಿದ್ದರೆ, ಕ್ಲಾಸ್ ತಂಡವಾದರೂ ಜನ್ಮದಿನಾಂಕದ ಮಿತಿ ಇಟ್ಟಿದ್ದಾರಾ, ಅದನ್ನು ಯಾರು ಪರಿಶೀಲಿಸುತ್ತಾರೆ ಎಂದು ಫೀಸ್ ಕಟ್ಟುವ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಮುಂದಿನ ಕ್ಲಬ್ ನೋಡಿ.